ತಪ್ಪು ತೋರಿಸುವ ಮೆಷಿನ್ನು

ಓಬವ್ವ ಟೀಚರ್ ಬೋರ್ಡಿನ ಮೇಲೆ ಲೆಕ್ಕ ತಪ್ಪಿದ್ದನ್ನು ನ್ಯಾಮತಿಯ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಯಾರೂ ಕಂಡಿರಲಿಲ್ಲ. ಒಂದು ಸಲವಾದರೂ ಈ ಟೀಚರ್ ಏಳೆಂಟ್ಲೆ ಐವತ್ತನಾಲ್ಕು ಅನ್ನಲಿ ಎಂದು ಹಿಂದಿನ ಬೆಂಚಿನ ಹುಡುಗಿಯರು ಕಾದು ಕೂತಿರುತ್ತಿದ್ದರು. ಆಕೆ ಅನ್ನುತ್ತಿರಲಿಲ್ಲ. ಗುಟ್ಟು ದೊಡ್ಡದೇನಲ್ಲ. ನಾಳೆಯ ಲೆಕ್ಕವನ್ನೆಲ್ಲ ಇವತ್ತು ಸಂಜೆಯೇ ಅಡುಗೆಮನೆಯ ಕಪ್ಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿ, ಒರೆಸಿ, ಮತ್ತೊಮ್ಮೆ ಬಿಡಿಸಿ ಬರುತ್ತಿದ್ದಳು. ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಗಂಡ ಹನುಮಂತಪ್ಪ ದಣಿದು ಮನೆಗೆ ಬಂದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. "ಎಲ್ಲಿ ತುಳೀಲಿ ಹೇಳು, ಎಕ್ಸ್ ಮ್ಯಾಲೋ ವೈ ಮ್ಯಾಲೋ?" ಎಂದು ಒಂಟಿಕಾಲಿನಲ್ಲಿ ನಿಂತು ಕೇಳುತ್ತಿದ್ದ.

ಅವನು ನಗಿಸಲು ಹಾಗೆ ಕೇಳುತ್ತಿದ್ದ, ಅವಳು ನಗುತ್ತಲೂ ಇದ್ದಳು. ಆದರೆ ನೆಲ ಒರೆಸುವ ಅಭ್ಯಾಸವನ್ನು ಮಾತ್ರ ಬಿಡಲಿಲ್ಲ. ತಪ್ಪು ಎಂದರೆ ಅವಳಿಗೆ ಅಷ್ಟು ಭಯ. ಜಗಳೂರು ಸೀಮೆಯ ಸೊಕ್ಕೆಯಲ್ಲಿ, ಊರಾಚೆಯ ಕೇರಿಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು. ಬೇರೆ ಹುಡುಗಿ ತಪ್ಪಿದರೆ ಆ ತಪ್ಪು ಆ ಹುಡುಗಿಯದು. ಓಬವ್ವ ತಪ್ಪಿದರೆ ಅದು ಇಡೀ ಕೇರಿಯ ತಪ್ಪು. ಒಂದು ಸಲ ಮೈನಸ್ ಚಿಹ್ನೆಯೊಂದನ್ನು ಬಿಟ್ಟಿದ್ದಕ್ಕೆ ಮೇಷ್ಟ್ರೊಬ್ಬರು, "ನಿಮ್ಮೋರಿಗೆ ಇದೆಲ್ಲ ಹತ್ತಲ್ಲ ಬಿಡು" ಅಂದಿದ್ದರು. ಅವರು ಹೊಡೆದಿದ್ದರೆ ಅವಳು ಮರೆತುಬಿಡುತ್ತಿದ್ದಳೇನೋ. ಹೊಡೆಯದೆ ನಿಧಾನವಾಗಿ, ಕರುಣೆ ತೋರುವವರ ಹಾಗೆ ಹೇಳಿದ್ದರು.

ಮನೆಯಲ್ಲಿ ಮಾತ್ರ ತಪ್ಪಿಗೆ ಬೇರೆಯದೇ ಮರ್ಯಾದೆ ಇತ್ತು. ಎಪ್ಪತ್ತರ ಮುಂಗಾರಿನಲ್ಲಿ ಜೋಳ ಬಿತ್ತುವಾಗ ನಡೆದದ್ದು ಇದು. ಅಪ್ಪ ತಿಪ್ಪೇಶಪ್ಪ ಎತ್ತು ಹೊಡೆಯುತ್ತಿದ್ದ, ಅವ್ವ ಮೂಕಮ್ಮ ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತಿದ್ದಳು. ಬಟ್ಟಲಿನಿಂದ ಮೂರು ಕೊಳವೆಗಳಲ್ಲಿ ಬೀಜ ಇಳಿದು ಮೂರು ಸಾಲಿಗೆ ಬೀಳಬೇಕು. ಯಾವ ಕೊಳವೆಯ ಬಾಯಿಗೂ ಮಣ್ಣು ಕಟ್ಟಿಕೊಳ್ಳದಂತೆ ಹಿಂದೆ ನಡೆಯುತ್ತ ನೋಡಿಕೊಳ್ಳುವುದು ಓಬವ್ವನ ಕೆಲಸ. ಅವಳು ನಡೆದಳು, ನೋಡಲಿಲ್ಲ. ತಲೆಯೊಳಗೆ ಯಾವುದೋ ಪಾಠ ಓಡುತ್ತಿತ್ತು. ವಾರ ಕಳೆದು ಹೊಲವೆಲ್ಲ ಹಸಿರು ಗೀರು ಎಳೆದಂತೆ ಮೊಳೆತಾಗ ನಡುವಿನ ಒಂದು ಸಾಲು ಬೋಳು ಬೋಳಾಗಿ ಕಂಡಿತು. ಅವಳು ಬದುವಿನ ಮೇಲೆ ಮುಖ ಮುಚ್ಚಿಕೊಂಡು ಕೂತುಬಿಟ್ಟಳು.

"ಯಾಕೆ ಮಖ ಮುಚ್ಕಂಡಿ? ಏಳು," ಅಂದಳು ಅವ್ವ. "ಎಲ್ಲಿಂದ ಬೋಳಾಗೈತೆ ನೋಡನ ಬಾ ಮೊದ್ಲು."

ತಾಯಿ ಮಗಳು ಸಾಲಿನ ಮೊದಲಿಗೆ ಹೋಗಿ ಅಲ್ಲಿಂದ ನಡೆಯುತ್ತ ಬಂದರು. ಬೇವಿನ ಮರದ ತನಕ ಪೈರು ಚೆನ್ನಾಗಿಯೇ ಇತ್ತು. ಮರ ದಾಟಿದ ಕೂಡಲೆ ಬೋಳು.

"ನೋಡು, ಮರದ ನೆಳ್ಳಾಗೆ ಮಣ್ಣು ಹಸಿ ಇತ್ತು. ಇಲ್ಲೇ ಕೊಳವೆ ಕಟ್ಕಂಡೈತೆ. ಇಷ್ಟೇ ಅಲ್ವಾ? ಇಲ್ಲಿಂದಾಚಿಗೆ ಕೈಯಾಗೆ ಊರಿದ್ರಾತು."

ಇಬ್ಬರೂ ಕೂತು ಕೈಯಿಂದ ಬೀಜ ಊರಿದರು. ಆ ಸಾಲಿನ ಜೋಳ ತುಸು ತಡವಾಗಿ ಬಂದರೂ ಬಂತು. ಅಪ್ಪನಿಗೆ ಈ ವಿಷಯ ಗೊತ್ತಾಯಿತೋ ಇಲ್ಲವೋ, ಅವನು ಬೈಯಲಂತೂ ಇಲ್ಲ.

ಮುಂದೆ ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ., ಆಮೇಲೆ ಬಿ.ಎಡ್. ಎಪ್ಪತ್ತೊಂಬತ್ತರಲ್ಲಿ ಹೊನ್ನಾಳಿಯಲ್ಲಿ ಕೆಲಸ, ಅಲ್ಲಿಂದ ನ್ಯಾಮತಿಗೆ. ಎಲ್ಲಿ ಹೋದರೂ ಸೀಮೆಸುಣ್ಣ ಮತ್ತು ಒರೆಸುವ ಬಟ್ಟೆ ಜೊತೆಗೇ ಹೋದವು. ಹಾಗೆಯೇ ನಿವೃತ್ತಿಯಾಗುವ ತನಕವೂ ನೆಲ ಒರೆಸಿಕೊಂಡೇ ಇರುತ್ತಿದ್ದಳೋ ಏನೋ. ಎಂಬತ್ತಾರರಲ್ಲಿ ಸರ್ಕಾರದವರು ಆ ಶಾಲೆಗೆ ಒಂದು ಕಂಪ್ಯೂಟರ್ ಕಳಿಸಿದರು.

ಹೆಡ್‌ಮಾಸ್ಟರ್ ಶಿವಮೂರ್ತಪ್ಪನವರು ಕೆಟ್ಟವರಲ್ಲ. ಸರ್ಕಾರ ಏನು ಕಳಿಸಿದರೂ ಮೊದಲು ಬೀಗ ಹಾಕಬೇಕು ಎಂಬುದೊಂದೇ ಅವರ ನಂಬಿಕೆ. ಅವರ ಕಾಲದಲ್ಲಿ ಬಂದ ದೂರದರ್ಶಕವೊಂದು ಬೀರುವಿನೊಳಗೇ ಇದ್ದು, ನಕ್ಷತ್ರ ಹಾಗಿರಲಿ, ಎದುರಿನ ಗೋಡೆಯನ್ನೂ ನೋಡಿರಲಿಲ್ಲ. ಈಗ ಬಂದದ್ದು ಟಿ.ವಿ.ಯಂಥ ಒಂದು ಪೆಟ್ಟಿಗೆ, ಟೈಪ್‌ರೈಟರಿನಂಥ ಒಂದು ಹಲಗೆ, ಅದಕ್ಕೆ ತಗಲಿಸಿದ ಒಂದು ಟೇಪ್ ರೆಕಾರ್ಡರ್. ಹೆಡ್‌ಮಾಸ್ಟರು ಅದಕ್ಕೊಂದು ಕೋಣೆ ಕೊಟ್ಟರು, ಕಿಟಕಿಗೆ ಪರದೆ ಹಾಕಿಸಿದರು, ಪೆಟ್ಟಿಗೆಯ ಹಣೆಗೆ ವಿಭೂತಿ ಎಳೆದು ಕುಂಕುಮ ಇಟ್ಟರು, ಚಪ್ಪಲಿ ಹೊರಗೆ ಬಿಡಬೇಕೆಂದು ಆಜ್ಞೆ ಮಾಡಿದರು. ತರಬೇತಿಯಾಗಿದ್ದ ವಿಜ್ಞಾನದ ಮೇಷ್ಟ್ರು ಅಷ್ಟರಲ್ಲೇ ಚನ್ನಗಿರಿಗೆ ವರ್ಗವಾಗಿ ಹೋದರು. ಉಳಿದವರು ಒಬ್ಬೊಬ್ಬರೂ ಒಂದೊಂದು ನೆವ ಹೇಳಿದರು. ಕೊನೆಗೆ, "ತಪ್ಪೇ ಮಾಡದೋರು ನೀವೊಬ್ರೇ ಮೇಡಂ, ನೀವೇ ಹೋಗಿಬರ್ರಿ" ಎಂದು ಓಬವ್ವನನ್ನು ಶಿವಮೊಗ್ಗದ ತರಬೇತಿಗೆ ಕಳಿಸಿದರು.

ಅಲ್ಲಿ ಮೊದಲ ದಿನವೇ ಅವಳಿಂದ ತಪ್ಪಾಯಿತು. ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ನಂಬರು ಹಾಕಿ, ಹೇಳಿಕೊಟ್ಟದ್ದನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿ, 'ರನ್' ಎಂದು ಅಪ್ಪಣೆ ಕೊಟ್ಟಳು. ಪೆಟ್ಟಿಗೆ ಟುಯ್ ಎಂದು ಕೂಗಿ, 'ಮಿಸ್ಟೇಕ್ ಅಟ್ ಲೈನ್ 30' ಎಂದು ಬರೆಯಿತು. ಯಾರಾದರೂ ನೋಡಿದರೇನೋ ಎಂದು ಓಬವ್ವ ಸೆರಗಿನಿಂದ ಪರದೆಯನ್ನು ಮುಚ್ಚಲು ಹೊರಟಳು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ, ಟೈ ಕಟ್ಟಿದ್ದ ಲೆಕ್ಚರರ ಪೆಟ್ಟಿಗೆಯೂ ಟುಯ್ ಎಂದಿತು. ಅವರಿಗೂ ಮಿಸ್ಟೇಕ್ ಅಟ್ ಲೈನ್ 30. ಆಚೆ ಕೂತಿದ್ದವರಿಗೂ ಅದೇ.

ಅವಳು ತನ್ನ ಪರದೆ ನೋಡಿದಳು, ಅವರ ಪರದೆ ನೋಡಿದಳು. ಒಂದೇ ಮಾತು, ಒಂದೇ ಅಕ್ಷರ. ಯಾರ ಮಗಳು, ಯಾವ ಕೇರಿ ಎಂದು ಅದು ಕೇಳಿರಲಿಲ್ಲ. ನಿಮ್ಮವರಿಗೆ ಹತ್ತುವುದಿಲ್ಲ ಎಂದಿರಲಿಲ್ಲ. ಮೂವತ್ತನೇ ಸಾಲಿನಲ್ಲಿ ಏನೋ ಆಗಿದೆ, ಹೋಗಿ ನೋಡು ಎಂದಿತ್ತು, ಅಷ್ಟೆ. ಓಬವ್ವನಿಗೆ ಎಲ್ಲಿಂದಲೋ ನಗು ಉಕ್ಕಿ ಬಂತು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಿಲ್ಲಲಿಲ್ಲ. ಹೇಳಿಕೊಡುತ್ತಿದ್ದವರು ಬಂದು, "ಏನಾಯ್ತಮ್ಮ?" ಎಂದರೆ, "ತಪ್ಪಾಯ್ತು ಸರ್" ಎಂದು ಹೇಳಿ ಮತ್ತೆ ನಕ್ಕಳು. ಅಷ್ಟು ಹಗುರವಾಗಿ ಅವಳು ಎಂದೂ ನಕ್ಕಿರಲಿಲ್ಲ.

ಶಾಲೆಗೆ ಮರಳಿದ ಮೇಲೆ ಒಂಬತ್ತನೇ ತರಗತಿಯವರಿಗೆ ಮೊದಲ ಪಾಠ. ಹುಡುಗಿಯರು ಕೈ ತೊಳೆದುಕೊಂಡು, ದೇವರ ಕೋಣೆಗೆ ಹೋಗುವವರಂತೆ ಒಳಗೆ ಬಂದರು. ಗೋವಿನಕೋವಿಯಿಂದ ಬರುತ್ತಿದ್ದ ರುದ್ರಾಣಿ ಎಂಬ ಚುರುಕು ಹುಡುಗಿಯನ್ನು ಮೊದಲು ಕೂರಿಸಿದರು. ಓಬವ್ವ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದಿದ್ದಳು. ರುದ್ರಾಣಿ ಐದು ಸಾಲು ಒತ್ತಿದಳು. ರನ್ ಕೊಟ್ಟರೆ ಮಿಸ್ಟೇಕ್ ಅಟ್ ಲೈನ್ 10.

ಹತ್ತೆಂದು ನಂಬರು ಹಾಕಿದ ಮೊದಲ ಸಾಲು ನೋಡಿದರೆ 'ಶ್ರೀ' ಎಂದಿತ್ತು! ಪಾಟಿಯಾಗಲಿ, ಪತ್ರವಾಗಲಿ, ಅಂಗಡಿಯ ಚೀಟಿಯಾಗಲಿ, ಮೇಲೆ ಶ್ರೀಕಾರ ಹಾಕದೆ ಕೈ ಮುಂದೆ ಹೋಗದ ಸೀಮೆ ನಮ್ಮದು. ಆ ಹುಡುಗಿ ಇಂಗ್ಲಿಷಿನ ಮೂರಕ್ಷರ ಹೆಚ್ಚು ಹುಡುಕಿ ಒತ್ತಿ, ಭಕ್ತಿಯಿಂದ ಶ್ರೀಕಾರ ಹಾಕಿದ್ದಳು. ಅದು ಅಪ್ಪಣೆಯೋ ಏನೋ ತಿಳಿಯದೆ ಮೆಷಿನ್ನು ತಬ್ಬಿಬ್ಬಾಗಿತ್ತು. ಓಬವ್ವ ನಗುತ್ತ, "ಶ್ರೀಕಾರ ಬ್ಯಾಡ ಅನ್ನಲ್ಲಮ್ಮ. ಅದರ ಮುಂದೆ 'ರೆಮ್' ಅಂತ ಹಾಕು. ಆ ಸಾಲು ನಮಗೆ, ಅದಕ್ಕಲ್ಲ ಅಂತ ಅದು ಬಿಟ್ಟುಬಿಡ್ತೈತೆ" ಎಂದು ಹೇಳುವಷ್ಟರಲ್ಲಿ ಟುಯ್ ಎಂಬ ಸದ್ದು ಕೇಳಿದ ಹೆಡ್‌ಮಾಸ್ಟರು ಓಡಿಬಂದರು. ಮಿಸ್ಟೇಕ್ ಎಂಬುದನ್ನು ಕಂಡರು. ಹಾವು ಕಂಡವರಂತೆ ಹಾರಿ ಗೋಡೆಯ ಸ್ವಿಚ್ಚನ್ನು ಆರಿಸಿಬಿಟ್ಟರು.

"ಸರ್ಕಾರದ ಸೊತ್ತು ಮೇಡಂ! ಕೆಟ್ರೆ ನಾನು ಉತ್ತರ ಕೊಡಬೇಕು!"

"ಕೆಟ್ಟಿಲ್ಲ ಸರ್. ಎಲ್ಲಿ ತಪ್ಪೈತೆ ಅಂತ ಅದೇ ತೋರಿಸ್ತೈತೆ."

"ತಪ್ಪೈತೆ ಅಂತ ಅದೇ ಬರೀತೈತಲ್ರೀ. ಅದಕ್ಕಿಂತ ಇನ್ನೇನು ಬೇಕು?"

ಇದು ದಿನದ ಪಾಡಾಯಿತು. ಹುಡುಗಿಯರು ಪಾಠದ ಹೊತ್ತೆಲ್ಲ ಒಂದೊಂದೇ ಅಕ್ಷರ ಒತ್ತಿ ಹತ್ತಿಪ್ಪತ್ತು ಸಾಲು ಬರೆಯುವುದು, ಎಲ್ಲೋ ಒಂದು ಕಡೆ ಟುಯ್ ಎನ್ನುವುದು, ಹೆಡ್‌ಮಾಸ್ಟರು ಬಂದು ಸ್ವಿಚ್ ಆರಿಸುವುದು, ಬರೆದದ್ದೆಲ್ಲ ಅಳಿಸಿಹೋಗುವುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಡೆಗೆ ಹುಡುಗಿಯರೇ ಒಂದು ಉಪಾಯ ಕಂಡುಕೊಂಡರು. ಟುಯ್ ಎಂದ ಕೂಡಲೆ ಎಲ್ಲರೂ ಒಟ್ಟಿಗೆ ಕೆಮ್ಮುವುದು. ಆ ವರ್ಷ ಒಂಬತ್ತನೇ ತರಗತಿಯಲ್ಲಿ ಇದ್ದಷ್ಟು ಕೆಮ್ಮು ಊರ ಆಸ್ಪತ್ರೆಯಲ್ಲೂ ಇರಲಿಲ್ಲ.

ಹೀಗೆ ಕೂಗಿ ಹೇಳುವ ತಪ್ಪುಗಳು ಸುಲಭದವು. ಕೂಗದೆ ಸುಮ್ಮನೆ ಕೂರುವ ತಪ್ಪುಗಳದೇ ಕಷ್ಟ. ಎಲ್ಲ ಸರಿಯಿದೆ ಎಂಬಂತೆ ಮೆಷಿನ್ನು ಕೊನೆತನಕ ಓಡುವುದು, ಉತ್ತರ ಮಾತ್ರ ಅಡ್ಡಾದಿಡ್ಡಿ. ಆಗ ಎಲ್ಲಿ ಹುಡುಕುವುದು? ಒಂದು ಮಧ್ಯಾಹ್ನ ಅವಳು ಮೆಷಿನ್ನಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ತಿರುವುತ್ತಿದ್ದಾಗ 'ಟ್ರೇಸ್ ಆನ್' ಎಂಬ ಮಾತು ಸಿಕ್ಕಿತು. ಅದನ್ನು ಒತ್ತಿ, ರನ್ ಕೊಟ್ಟು ನೋಡಿದಳು. ಮೆಷಿನ್ನು ತಾನು ಯಾವ ಸಾಲಿಗೆ ಕಾಲಿಟ್ಟರೂ ಆ ಸಾಲಿನ ನಂಬರನ್ನು ಪರದೆಯ ಮೇಲೆ ಬರೆಯುತ್ತ ಹೋಯಿತು. 10, 20, 30. ಅದು ನಡೆಯುತ್ತಿತ್ತು, ಅವಳು ಹಿಂದೆ ಹಿಂದೆ ನೋಡುತ್ತ ಹೋಗಬಹುದಿತ್ತು. ಸೊಕ್ಕೆಯ ಹೊಲ, ಅವ್ವ, ಬೋಳು ಸಾಲು ಎಲ್ಲ ನೆನಪಾಗಿ, ಖಾಲಿ ಕೋಣೆಯಲ್ಲಿ ಒಬ್ಬಳೇ "ಅವ್ವಾ" ಅಂದಳು.

ಮಾರನೆಯ ದಿನ ಹುಡುಗಿಯರಿಗೆ ಅದನ್ನೇ ಹೇಳಿದಳು. "ಕೂರಿಗೆ ನೋಡಿದೀರಲ್ವಾ? ಒಂದು ಸಾಲು ಹುಟ್ಟಲಿಲ್ಲ ಅಂದ್ರೆ ಇಡೀ ಹೊಲ ಅಗೀತೀರೇನು? ಸಾಲಿನ ಮೊದಲಿಗೆ ಹೋಗಿ ನಡ್ಕಂತ ಬರಬೇಕು. ಎಲ್ಲೀತನಕ ಸರಿ ಐತೆ, ಎಲ್ಲಿಂದ ಬೋಳಾಗೈತೆ. ಟ್ರೇಸ್ ಆನ್ ಅಂದ್ರೆ ಅಷ್ಟೇ." ಹುಡುಗಿಯರೆಲ್ಲ ಹೊಲಗದ್ದೆಯ ಮನೆಯವರು. ಅವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. ಆಮೇಲೆ ಅವರ ತಪ್ಪು ಹುಡುಕುವ ಹುಚ್ಚು ನೋಡಬೇಕಿತ್ತು. ಊಟದ ಬಿಡುವಿನಲ್ಲಿ ಕುಂಟೆಬಿಲ್ಲೆ ನಿಂತುಹೋಯಿತು. ನಿನ್ನದರಲ್ಲಿ ನಾನು ಹುಡುಕುತ್ತೇನೆ, ನನ್ನದರಲ್ಲಿ ನೀನು ಹುಡುಕು ಎಂಬ ಪಂದ್ಯವೇ ಶುರುವಾಯಿತು. ಗಣಿತದ ಹೆಸರು ಹೇಳಿದರೆ ಹೊಟ್ಟೆನೋವು ಬರುತ್ತಿದ್ದ ಹುಡುಗಿಯರೂ, "ಟೀಚರ್, ನಂದು ಇವಳದಕ್ಕಿಂತ ಕಷ್ಟದ ತಪ್ಪು" ಎಂದು ಜಂಬ ಕೊಚ್ಚುವಂತಾದರು.

ಆದರೆ ಊರಿನ ಬಾಯಿಗೆ ಬೀಗವೆಲ್ಲಿ? ಹುಡುಗಿಯರು ಪಾಠ ಬಿಟ್ಟು ಟಿ.ವಿ. ಮುಂದೆ ಕೂರುತ್ತಾರಂತೆ, ಮೆಷಿನ್ನು ದಿನಾ ಕೆಡುತ್ತದಂತೆ ಎಂಬ ಸುದ್ದಿ ಶಾಲೆಯ ಸಮಿತಿಯ ಅಧ್ಯಕ್ಷ ಪಂಚಾಕ್ಷರಪ್ಪನವರ ಅಡಿಕೆ ಮಂಡಿಯ ತನಕ ಹೋಯಿತು. ಸಂಕ್ರಾಂತಿಗೆ ಮುಂಚೆ ಸಮಿತಿಯವರು ಬಂದು ನೋಡುತ್ತಾರೆ, ಸರಿಯಿಲ್ಲ ಎನಿಸಿದರೆ ತಿಳಿದವರು ಮೇಲಿನಿಂದ ಬರುವ ತನಕ ಕೋಣೆಗೆ ಬೀಗ ಎಂದಾಯಿತು. ಮೇಲಿನಿಂದ ಯಾರೂ ಬರುವುದಿಲ್ಲ ಎಂದು ಓಬವ್ವನಿಗೆ ಗೊತ್ತಿತ್ತು. ಬೀಗ ಬಿತ್ತೆಂದರೆ ಈ ಹುಡುಗಿಯರ ಪಾಲಿಗೆ ಮೆಷಿನ್ನು ಇಲ್ಲ.

ಹೆಡ್‌ಮಾಸ್ಟರು ತಮ್ಮ ದಾರಿಯನ್ನು ಆಗಲೇ ಹುಡುಕಿದ್ದರು. ಮೆಷಿನ್ನಿನ ಜೊತೆಗೇ ಗ್ರಹಗಳ ಪಾಠದ ಒಂದು ಕ್ಯಾಸೆಟ್ ಬಂದಿತ್ತು. ಅದನ್ನು ಹಾಕಿದರೆ ಸೂರ್ಯನ ಸುತ್ತ ಗ್ರಹಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು, ಎಂದೂ ಟುಯ್ ಎನ್ನುತ್ತಿರಲಿಲ್ಲ.

"ಗ್ರಹ ತೋರ್ಸಿ, ಒಂದೊಂದು ಬಾಳೆಹಣ್ಣು ಕೊಟ್ಟು ಕಳಿಸಾನ," ಎಂದರು. "ಹುಡುಗೀರು ಕೈ ಇಡೋದು ಬ್ಯಾಡ. ಅವತ್ತು ತಪ್ಪು ಅನ್ನೋ ಅಕ್ಷರ ಆ ಪೆಟ್ಟಿಗೆ ಮ್ಯಾಲೆ ಬರಕೂಡದು, ತಿಳೀತಾ ಮೇಡಂ?"

ಹುಡುಗಿಯರು ತಿಂಗಳಿಂದ ಕಟ್ಟಿ, ಅಳಿಸಿಹೋಗದಂತೆ ದಿನವೂ ಇನ್ನೊಂದು ಕ್ಯಾಸೆಟ್ಟಿಗೆ ತುಂಬಿಟ್ಟುಕೊಂಡದ್ದು ಬೇರೆ. ಸಂಕ್ರಾಂತಿಗೆಂದು ಅವರು ಪರದೆಯ ಮೇಲೆ ರಂಗೋಲಿ ಬಿಡಿಸಿದ್ದರು. ಎಂಟು ಎಸಳಿನ ಹೂ. ಒಂದೊಂದು ಎಸಳಿಗೆ ಮೂರು ಸಾಲು: ಒಂದು ಸಾಲು ಕೈಯನ್ನು ನಡುವಿನ ಚುಕ್ಕಿಗೆ ತರುತ್ತದೆ, ಇನ್ನೊಂದು ಅಂಚಿಗೆ ಒಯ್ಯುತ್ತದೆ, ಮೂರನೆಯದು ತುದಿಗೆ ಹೋಗಿ ಬಣ್ಣ ತುಂಬುತ್ತದೆ. ಅಂಗಳದಲ್ಲಿ ಕೈ ಬಿಡಿಸುವ ಹಾಗೆಯೇ ಬರಲೆಂದು ಬೇಕೆಂದೇ ನಿಧಾನ ಮಾಡಿದ್ದರು.

ಸಮಿತಿಯವರು ಬರುವ ದಿನ ಬೆಳಿಗ್ಗೆ ಗ್ರಹಗಳ ಕ್ಯಾಸೆಟ್ ಓಬವ್ವನ ಕೈಯಲ್ಲಿತ್ತು. ಮೆಷಿನ್ನಿನೊಳಗೆ ಹುಡುಗಿಯರ ರಂಗೋಲಿ ಇನ್ನೂ ಇತ್ತು. ಬೇಗ ಬಂದು ಅದನ್ನು ಹಾಕಿ ನೋಡುತ್ತಿದ್ದ ರುದ್ರಾಣಿ ಕುರ್ಚಿಯಿಂದ ಏಳಲಿಲ್ಲ.

"ನಮ್ದು ತೋರ್ಸಲ್ವಾ ಟೀಚರ್?"

ಓಬವ್ವ ಕೈಯಲ್ಲಿದ್ದ ಕ್ಯಾಸೆಟ್ಟನ್ನು ನೋಡಿದಳು. ಗ್ರಹ ತೋರಿಸಿದರೆ ಸಮಿತಿಯವರು ತಲೆದೂಗಿ ಹೋಗುತ್ತಾರೆ. ಬೀಗ ಬೀಳುವುದಿಲ್ಲ ನಿಜ. ಆದರೆ ನಾಳೆಯಿಂದ ಗ್ರಹ ತಿರುಗುತ್ತಿರುತ್ತದೆ, ಹುಡುಗಿಯರು ಕೈಕಟ್ಟಿ ನಿಂತು ನೋಡುತ್ತಿರುತ್ತಾರೆ. ತಪ್ಪು ಮಾಡದಂತೆ ಅವರನ್ನು ಕಾಪಾಡಿದ ಹಾಗಾಗುತ್ತದೆ, ತನ್ನನ್ನು ತಾನು ಇಷ್ಟು ವರ್ಷ ಕಾಪಾಡಿಕೊಂಡ ಹಾಗೆ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ? ಅವಳು ಕ್ಯಾಸೆಟ್ಟನ್ನು ಕಿಟಕಿಯ ಮೇಲಿಟ್ಟು, "ನಿಮ್ದೇ ತೋರ್ಸನ" ಎಂದಳು.

ಪಂಚಾಕ್ಷರಪ್ಪನವರು ಜರಿಯ ಶಲ್ಯ ಹೊದ್ದು, ಇನ್ನಿಬ್ಬರು ಸದಸ್ಯರೊಂದಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ಪೆಟ್ಟಿಗೆಗೆ ಕೈಮುಗಿದು ಕೂತರು. ಹೆಡ್‌ಮಾಸ್ಟರು ಗ್ರಹಗಳಿಗಾಗಿ ಕಾದು ನಿಂತಿದ್ದರೆ ರುದ್ರಾಣಿ ರನ್ ಕೊಟ್ಟೇಬಿಟ್ಟಳು. ಅವರು ಓಬವ್ವನ ಮುಖ ನೋಡಿದರು. ಓಬವ್ವ ಪರದೆ ನೋಡಿದಳು.

ಕಪ್ಪು ಪರದೆಯ ಮೇಲೆ ಒಂದು ಎಸಳು ಅರಳಿತು. ಎರಡು, ಮೂರು. "ಭಲೇ, ರಂಗೋಲಿ!" ಎಂದರು ಪಂಚಾಕ್ಷರಪ್ಪ. ನಾಲ್ಕು, ಐದು. ಆರನೆಯ ಎಸಳು ನಡುವಿನ ಚುಕ್ಕಿಗೆ ಬರಲೇ ಇಲ್ಲ. ಐದನೆಯದರ ತುದಿಗೆ ಕಾಗೆಯ ಕೊಕ್ಕಿನಂತೆ ಅಂಟಿಕೊಂಡು ಸೊಟ್ಟಗೆ ಚಾಚಿತು. ಏಳು, ಎಂಟು ಮತ್ತೆ ಸರಿಯಾಗಿ ಬಂದವು. ಟುಯ್ ಎನ್ನಲಿಲ್ಲ. ಎನ್ನದಿದ್ದರೇನು, ಹಾದಿಯಲ್ಲಿ ಹೋಗುವವರಿಗೂ ಕಾಣುವಷ್ಟು ದೊಡ್ಡದಾಗಿತ್ತು ಆ ತಪ್ಪು.

ನಿನ್ನೆ ಸಂಜೆ ಇದು ಸರಿಯಾಗಿತ್ತು. ಓಬವ್ವನ ಕಿವಿಯಲ್ಲಿ 'ನಿಮ್ಮೋರಿಗೆ ಇದೆಲ್ಲ ಹತ್ತಲ್ಲ' ಎಂಬುದು ಕೇಳಿಸಿತು, ಯಾರೂ ಹೇಳದಿದ್ದರೂ. ಹೆಡ್‌ಮಾಸ್ಟರು ಸ್ವಿಚ್ಚಿನತ್ತ ಧಾವಿಸಿದರು.

"ಆರಿಸಬ್ಯಾಡ್ರಿ ಸರ್!" ಎಂದಳು ಓಬವ್ವ. ಹೆಡ್‌ಮಾಸ್ಟರ ಎದುರು ಅವಳು ದನಿ ಎತ್ತಿದ್ದು ಅದೇ ಮೊದಲು. ಅವರು ಕೈ ಚಾಚಿದ ಹಾಗೆಯೇ ನಿಂತರು. ಅವಳು ಅಧ್ಯಕ್ಷರ ಕಡೆ ತಿರುಗಿದಳು. "ಸಾವ್ಕಾರ್ರೆ, ಒಂದು ಎಸಳು ತಪ್ಪೈತೆ. ಮುಚ್ಚಿಡಾಕೆ ಏನೂ ಇಲ್ಲ. ಇದನ್ನ ಹೆಂಗೆ ಹುಡುಕ್ತಾರೆ ಅಂತ ಹುಡುಗೀರು ತೋರಿಸ್ತಾರೆ, ನೋಡ್ರಿ."

ರುದ್ರಾಣಿ ಟ್ರೇಸ್ ಆನ್ ಒತ್ತಿ ಮತ್ತೆ ರನ್ ಕೊಟ್ಟಳು. ಈ ಸಲ ಹೂವಿನ ಜೊತೆಗೆ ನಂಬರುಗಳೂ ಬರತೊಡಗಿದವು. ಓಬವ್ವ ವಿವರಿಸಿದಳು: ಸಾಲುಗಳಿಗೆ ಹತ್ತತ್ತರಂತೆ ನಂಬರು ಕೊಟ್ಟಿದೆ, ಮೆಷಿನ್ನು ಯಾವ ಸಾಲಿನ ಮೇಲೆ ನಡೆಯುತ್ತದೋ ಆ ನಂಬರು ಬರೆಯುತ್ತದೆ. ಹುಡುಗಿಯರು ರಾಗವಾಗಿ ಜೊತೆಗೂಡಿಸಿದರು. "ಐವತ್ತು, ಅರವತ್ತು, ಎಪ್ಪತ್ತು..." ಮಂಡಿಯಲ್ಲಿ ಅಡಿಕೆ ಚೀಲ ಎಣಿಸಿ ಎಣಿಸಿ ರೂಢಿಯಾದ ಪಂಚಾಕ್ಷರಪ್ಪನವರ ತುಟಿಯೂ ತಾನಾಗಿ ಅಲುಗತೊಡಗಿತು. ನೂರು ದಾಟುವಷ್ಟರಲ್ಲಿ ಅವರ ದನಿಯೇ ಎಲ್ಲರಿಗಿಂತ ದೊಡ್ಡದಾಗಿತ್ತು. "ನೂರಾ ಎಪ್ಪತ್ತು! ನೂರಾ ಎಂಬತ್ತು! ನೂರಾ ತೊಂಬತ್ತು! ಇನ್ನೂ..."

ಪರದೆಯ ಮೇಲೆ ಬಂದದ್ದು 210.

"ಇನ್ನೂರು ಎಲ್ಲಿ?" ಎಂದು ಕೋಣೆಗೆ ಕೋಣೆಯೇ ಕೂಗಿತು. ಪಂಚಾಕ್ಷರಪ್ಪ ಎದ್ದೇ ನಿಂತಿದ್ದರು, ಶಲ್ಯ ಕೆಳಗೆ ಬಿದ್ದಿತ್ತು. "ಇನ್ನೂರು ಎಲ್ಲಿ ಹೋತು? ಏ, ಹುಡುಕ್ರಿ!"

"ಆರನೇ ಎಸಳಿನ ಮೊದಲ ಸಾಲು ಅದು," ಎಂದಳು ಓಬವ್ವ. "ಕೈಯನ್ನ ನಡುವಿನ ಚುಕ್ಕಿಗೆ ತರೋ ಸಾಲು. ಅದು ಇಲ್ಲದ್ದಕ್ಕೆ ಹಿಂದಿನ ಎಸಳಿನ ತುದಿಯಿಂದಲೇ ಹೊಂಟೈತೆ."

ರುದ್ರಾಣಿ ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು. "ನಾನೇ ಟೀಚರ್. ಬೆಳಿಗ್ಗೆ ಇನ್ನೂರನ್ನ ಕರೆದೆ."

"ಕರೆದೆ ಅಂದ್ರೆ?"

"ಎಲ್ಲಾ ಸಾಲು ಐದಾವೋ ಇಲ್ವೋ ಅಂತ ಭಯ ಆತು. ನೀವು ಹಾಜರಿ ಕರೆಯಲ್ವಾ, ಹಂಗೆ. ಇನ್ನೂರು ಅಂತ ಬರೀ ನಂಬರ್ ಒತ್ತಿ ರಿಟರ್ನ್ ಒತ್ತಿದೆ. ಎಸ್ ಟೀಚರ್ ಅಂತ ಆ ಸಾಲು ಬರ್ತೈತೆ ಅಂದ್ಕಂಡೆ. ಏನೂ ಬರ್ಲಿಲ್ಲ. ಅಷ್ಟರಾಗೆ ನೀವು ಬಂದ್ರಿ, ಸುಮ್ಕಾದೆ."

ಆ ಮೆಷಿನ್ನಿನಲ್ಲಿ ಬರೀ ನಂಬರ್ ಕೊಟ್ಟರೆ ಆ ಸಾಲನ್ನು ಅಳಿಸು ಎಂದು ಅರ್ಥ. ಅದು ಓಬವ್ವನಿಗೆ ಗೊತ್ತಿತ್ತು. ಹುಡುಗಿಯರಿಗೆ ಹೇಳಿಕೊಟ್ಟಿರಲಿಲ್ಲ. ಪಾಪ, ಹಾಜರಿ ಕರೆದು ಕರೆದೇ ಆ ಮಗು ಸಾಲನ್ನು ಶಾಲೆ ಬಿಡಿಸಿತ್ತು! ಸುಮ್ಮನಿದ್ದರೆ ತಪ್ಪು ರುದ್ರಾಣಿಯದೆಂದೇ ಆಗುತ್ತಿತ್ತು. ಓಬವ್ವ ಹುಡುಗಿಯ ಹೆಗಲ ಮೇಲೆ ಕೈಯಿಟ್ಟಳು.

"ಇವಳದಲ್ಲ ಸರ್. ಹಂಗೆ ಒತ್ತಿದ್ರೆ ಅಳಿಸಿಹೋಗ್ತೈತೆ ಅಂತ ನಾನು ಹೇಳಿಕೊಟ್ಟಿರಲಿಲ್ಲ. ತಪ್ಪು ನಂದು."

ಹೇಳಿಯಾಯಿತು. ಹೆಡ್‌ಮಾಸ್ಟರ ಮುಂದೆ, ಊರ ದೊಡ್ಡವರ ಮುಂದೆ, ಹುಡುಗಿಯರೆಲ್ಲರ ಮುಂದೆ. ಅವಳು ಕಾದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಪಂಚಾಕ್ಷರಪ್ಪನವರು ಅಸಹನೆಯಿಂದ ಕೈಬೀಸಿ, "ಆತು ಬಿಡವ್ವ, ಯಾರದಾದ್ರೇನು. ಸಿಕ್ತಲ್ಲ! ಆ ಇನ್ನೂರನ್ನ ಮತ್ತೆ ಹಾಕ್ಸು, ನೋಡನ" ಎಂದರು. ಯಾರದಾದರೇನು! ಓಬವ್ವ ತನ್ನ ಜೀವಮಾನದಲ್ಲಿ ಕೇಳಿದ ಮಾತುಗಳಲ್ಲಿ ಇಷ್ಟು ಸಿಹಿಯಾದದ್ದು ಬೇರೆ ಇರಲಿಲ್ಲ. ಸಾಹುಕಾರರು ಏನನ್ನೂ ಯೋಚಿಸಿ ಆಡಿದ್ದಲ್ಲ, ಅದಕ್ಕೇ ಇನ್ನಷ್ಟು ಸಿಹಿ.

ರುದ್ರಾಣಿ ಮೂಗು ಒರೆಸಿಕೊಂಡು ಸಾಲನ್ನು ಮತ್ತೆ ಬರೆದಳು, ರನ್ ಕೊಟ್ಟಳು. ಎಂಟು ಎಸಳೂ ಚುಕ್ಕಿಯಿಂದ ಅರಳಿ ನಿಂತವು. ಹುಡುಗಿಯರು ಕುಣಿದಾಡಿಬಿಟ್ಟರು. ಸದಸ್ಯರೊಬ್ಬರು ಚಪ್ಪಾಳೆ ತಟ್ಟಿದರು. ಓಬವ್ವ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಯಾವುದನ್ನೂ ಮುಚ್ಚಿಕೊಳ್ಳಲು ಹೋಗಲಿಲ್ಲ.

"ಹಂಗಾದ್ರೆ ಸಾವ್ಕಾರ್ರೆ, ಕೋಣೆ ವಿಚಾರ..." ಎಂದು ಹೆಡ್‌ಮಾಸ್ಟರು ಬಾಳೆಹಣ್ಣಿನ ತಟ್ಟೆ ಮುಂದೆ ಹಿಡಿದರು.

ಪಂಚಾಕ್ಷರಪ್ಪ ತಟ್ಟೆಯನ್ನು ಕಣ್ಣೆತ್ತಿ ನೋಡದೆ ಮುಂದಿನ ಬೆಂಚಿಗೆ ಬಂದು ಕೂತರು. "ತಡೀರಿ ಮೇಷ್ಟ್ರೆ. ಏ ಮಗಾ, ಈಗ ಇನ್ಯಾವುದಾದ್ರೂ ಒಂದು ಸಾಲು ಕಿತ್ತಾಕು. ನಂಗೆ ತೋರಿಸಬ್ಯಾಡ. ನಾನು ಆ ಕಡಿಗೆ ತಿರುಕ್ಕಂತೀನಿ. ಈ ಸಲ ನಾನೊಬ್ನೇ ಹುಡುಕ್ತೀನಿ."

ಊಟದ ಗಂಟೆ ಹೊಡೆಯುವ ತನಕ ಅವರು ಏಳಲಿಲ್ಲ. ಮೂರು ಸಾಲು ತಾವೇ ಹುಡುಕಿದರು, ಒಂದನ್ನು ಹುಡುಕಲಾಗದೆ ಹುಡುಗಿಯರಿಂದ ನಗಿಸಿಕೊಂಡರು. ಹೊರಡುವಾಗ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಸಂಕ್ರಾಂತಿ ಆದ ಮ್ಯಾಲೆ ಮತ್ತೆ ಬರ್ತೀನಿ. ಬೀಗ ಗೀಗ ಹಾಕಿದ್ರೆ ನೋಡ್ರಿ ಮತ್ತೆ" ಎಂದು ಹೆಡ್‌ಮಾಸ್ಟರಿಗೇ ಗದರಿಸಿ ಹೋದರು.

ಮಾರನೆಯ ದಿನ ಓಬವ್ವ ಎಂಟನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಕಂಪ್ಯೂಟರ್ ಕೋಣೆಯಿಂದ ಟುಯ್ ಎಂಬ ಸದ್ದು ಬಂತು. ಆ ಹೊತ್ತಿಗೆ ಅಲ್ಲಿ ಯಾರ ಪಾಠವೂ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಟುಯ್. ಆಮೇಲೆ ಹೆಡ್‌ಮಾಸ್ಟರು ವರಾಂಡದುದ್ದಕ್ಕೂ ಬರಿಗಾಲಲ್ಲಿ ಓಡಿಬಂದು, ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟರು. ಹೊಸ ಅಂಗಿ ತೊಟ್ಟ ಹುಡುಗನ ಮುಖದಂತೆ ಅವರ ಮುಖ ಹೊಳೆಯುತ್ತಿತ್ತು.

"ಮೇಡಂ, ಬರ್ರಿ ಇಲ್ಲಿ, ಹುಡುಗೀರ್ನೂ ಕರ್ಕಂಡು ಬರ್ರಿ! ನಂದೂ ಒಂದು ತಪ್ಪು ಬಂದೈತೆ!"